ತುದಿಯ ಕಿಲುಬು

ನಮ್ಮ ಫಿಸಿಕ್ಸ್ ಮೇಡಂ ಅವರ ಬಲಗೈ ಹೆಬ್ಬೆರಳಿನ ತುದಿ ಯಾವಾಗಲೂ ಹಸಿರಾಗಿರುತ್ತಿತ್ತು. ಹಳೆಯ ಹಿತ್ತಾಳೆ ಚೊಂಬಿನ ಕುತ್ತಿಗೆಯಲ್ಲಿ ಕೂತಿರುತ್ತದಲ್ಲ ಕಿಲುಬು, ಅದೇ ಹಸಿರು. ಉಗುರಿನ ಸಂದಿಗೆ, ಬೆರಳಿನ ಗೆರೆಗಳಿಗೆ ಇಳಿದುಬಿಟ್ಟಿದ್ದ ಆ ಬಣ್ಣ ಸೋಪಿಗೂ ಜಗ್ಗುತ್ತಿರಲಿಲ್ಲ. ಉಡುವುದು ಮಾತ್ರ ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ. ಕಾರ್ಕಳದಿಂದ ಕಾಪುವಿನವರೆಗೆ ತುಂಬಿದ ಬಸ್ಸಿನಲ್ಲಿ ಬಂದರೂ ಅದರ ಒಂದು ನೆರಿಗೆ ಆಚೀಚೆ ಆಗುತ್ತಿರಲಿಲ್ಲ. ಅಂಥ ಸೀರೆಯ ಕೊನೆಗೆ ಅಂಥ ಹೆಬ್ಬೆರಳು! ಮೊದಲ ದಿನ ಅದನ್ನು ನೋಡಿ, ಪಾಪ, ಏನೋ ಚರ್ಮದ ಕಾಯಿಲೆ ಇರಬೇಕು ಅಂದುಕೊಂಡಿದ್ದೆ.

ಕಾಯಿಲೆ ಇದ್ದದ್ದು ನಮ್ಮ ಲ್ಯಾಬಿಗೆ. ಕಾಲೇಜು ಕಡಲಿಗೆ ಕೂಗಳತೆಯಲ್ಲಿತ್ತು. ಕಡಲ ಗಾಳಿಗೆ ಹಿತ್ತಾಳೆ ಎಂದರೆ ಬಲು ಪ್ರೀತಿ. ಶುಕ್ರವಾರ ಹೊಳೆಯುತ್ತಿದ್ದ ತಿರುಪು ಸೋಮವಾರದ ಹೊತ್ತಿಗೆ ಹಸಿರುಗಟ್ಟಿರುತ್ತಿತ್ತು. ಮೇಡಂ ಕನ್ನಡಕದ ಡಬ್ಬಿಯೊಳಗೆ ಮಡಚಿದ ಪಾಲಿಶ್ ಪೇಪರಿನ ಚೂರೊಂದನ್ನು ಇಟ್ಟುಕೊಂಡಿರುತ್ತಿದ್ದರು, ಗೋಡೆಯ ಪುಟ್ಟಿ ಉಜ್ಜಲು ಪೇಂಟರುಗಳು ಬಳಸುವಂಥದ್ದು. ಪ್ರತಿ ಪ್ರಯೋಗಕ್ಕೆ ಮೊದಲು ತಂತಿಯ ತುದಿ, ತಿರುಪಿನ ತಲೆ, ಪಟ್ಟಿಯ ಕೊನೆ, ಎಲ್ಲವನ್ನೂ ಹೆಬ್ಬೆರಳಿನಿಂದ ಒತ್ತಿ ಉಜ್ಜುವರು. "ಕಿಲುಬೂ ಒಂದು ರೆಸಿಸ್ಟೆನ್ಸೇ. ಪುಸ್ತಕದ ಚಿತ್ರದಲ್ಲಿ ಇರ್ಲಿಕ್ಕಿಲ್ಲ, ಅಷ್ಟೇ" ಎನ್ನುವರು. ಲ್ಯಾಬಿಗೆ ಅಟೆಂಡರ್ ಇದ್ದರು, ಒಳ್ಳೆಯವರೇ. ಆದರೆ ಆ ಕೆಲಸವನ್ನು ಮೇಡಂ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ನಾನು ಕೊಪ್ಪಳದ ಕಡೆಯವಳು. ಅಪ್ಪ ಮಣಿಪಾಲದ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಬಳಿಯುವ ಪೇಂಟರ್, ಅವ್ವ ಕಾಪುವಿನ ಹೋಟೆಲೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು. ಲೈನ್ ಮನೆಯ ಒಂದು ಕೋಣೆ ನಮ್ಮದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದು ಬಿದ್ದಿದ್ದೆ. ರೋಧ ಎಂದರೆ ಗೊತ್ತು, ರೆಸಿಸ್ಟೆನ್ಸ್ ಎಂದರೆ ಎದೆ ಡವಡವ. ನಮ್ಮ ಕಡೆಯವರದು ಬಿಸಿ ಬಾಯಿ ಎನ್ನುತ್ತಾರೆ. ಇರಬಹುದು. ನನ್ನದಂತೂ ಒಲೆಯ ಮೇಲೇ ಇಟ್ಟ ಬಾಯಿ.

ಮೊದಲ ವಾರವೇ ಕ್ಲಾಸಿನ ನಡುವೆ ಎದ್ದು ನಿಂತು, "ಮೇಡಂ, ನನಗ ತಿಳಿವಲ್ದ್ರಿ" ಎಂದೆ. ಹಿಂದಿನ ಬೆಂಚು ಗೊಳ್ಳೆಂದಿತು. ಮೇಡಂ ಬೋರ್ಡಿನಿಂದ ತಿರುಗಿದರು.

"ಎಂತ ಹೇಳಿದ್ದು ನೀನು?"

"ತಿಳಿವಲ್ದು ಅಂದೆ. ಅಂದ್ರ, ತಿಳಿಯಾಕ ಒಲ್ಲದು."

"ತಿಳಿಯಲಿಕ್ಕೆ ಒಲ್ಲೆ ಅಂತದೆ. ಅಂದ್ರೆ ಹಟ ಮಾಡುವುದು ಪಾಠ, ನೀನಲ್ಲ. ಒಳ್ಳೆ ಶಬ್ದ ಮಾರಾಯ್ತಿ!" ಎಂದು ಅವರು ಇಡೀ ತರಗತಿಯ ಕಡೆ ನೋಡಿದರು. "ನಗುವವರಲ್ಲಿ ಇನ್ನು ಯಾರಿಗೆಲ್ಲ ತಿಳಿವಲ್ದು? ಕೈ ಎತ್ತಿ ನೋಡುವ." ಒಂದೊಂದಾಗಿ ಅರ್ಧ ಕ್ಲಾಸಿನ ಕೈ ಮೇಲೆದ್ದಿತು. ಆಮೇಲೆ ಎರಡು ವರ್ಷ ನಮ್ಮ ಕ್ಲಾಸಿನಲ್ಲಿ ತುಳು ಮಾತಾಡುವವರು, ಕೊಂಕಣಿ ಮಾತಾಡುವವರು, ಬ್ಯಾರಿ ಹುಡುಗಿಯರು, ಎಲ್ಲರೂ ಅರ್ಥವಾಗದಿದ್ದಾಗ ಹೇಳುತ್ತಿದ್ದದ್ದು ಒಂದೇ ಮಾತು, "ಮೇಡಂ, ತಿಳಿವಲ್ದು."

ಎರಡನೆಯ ವರ್ಷ ವಿದ್ಯುತ್ತಿನ ಪಾಠ ಬಂತು. ಹಲವು ರೆಸಿಸ್ಟರುಗಳನ್ನು ಹೇಗೆಹೇಗೋ ಜೋಡಿಸಿದ ಒಂದು ಸರ್ಕ್ಯೂಟಿನ ಚಿತ್ರ ಕೊಟ್ಟು, ಇವೆಲ್ಲವುಗಳ ಬದಲು ಒಂದೇ ರೆಸಿಸ್ಟರ್ ಇಡುವುದಾದರೆ ಅದು ಎಷ್ಟಿರಬೇಕು ಎಂದು ಕೇಳುವ ಲೆಕ್ಕ. ಮೇಡಂ ಸೂತ್ರ ಬರೆಯಲಿಲ್ಲ, ಬಸ್ಸಿನ ದಾರಿ ಬರೆದರು.

"ನಾನು ದಿನಾ ಕಾರ್ಕಳದಲ್ಲಿ ಬಸ್ಸು ಹತ್ತುತ್ತೇನೆ. ಬೆಳ್ಮಣ್ಣಿನವರೆಗೆ ಒಂದೇ ದಾರಿ, ಬೇರೆ ಗತಿ ಇಲ್ಲ. ಇದು ಸೀರೀಸ್. ಬೆಳ್ಮಣ್ಣಿನಿಂದ ಕಾಪುವಿಗೆ ಪಡುಬಿದ್ರಿ ಮೇಲೆ ಒಂದು ದಾರಿ ಉಂಟು, ಶಿರ್ವದ ಮೇಲೆ ಇನ್ನೊಂದು. ಇದು ಪ್ಯಾರಲಲ್. ಈಗ ಶಿರ್ವದ ದಾರಿಯಲ್ಲಿ ಹೊಂಡ ಉಂಟು ಅಂತ ಇಟ್ಟುಕೊಳ್ಳಿ. ಹೊಂಡ ಉಂಟಲ್ಲ ಅಂತ ಆ ದಾರಿಯನ್ನೇ ಮುಚ್ಚಿದರೆ ಎಂತ ಆಗ್ತದೆ?"

"ಎಲ್ಲ ಪಡುಬಿದ್ರಿ ಮೇಲೆ ಬರ್ತಾರೆ ಮೇಡಂ. ಬಸ್ಸಲ್ಲಿ ನಿಲ್ಲಲಿಕ್ಕೂ ಜಾಗ ಇಲ್ಲ."

"ಹಾಂ. ಹಾಗಾದ್ರೆ ಹೊಂಡದ ದಾರಿಯಿಂದಲೂ ಉಪಕಾರವೇ ಅಲ್ವಾ? ಎಷ್ಟು ಕೆಟ್ಟ ದಾರಿಯಾದರೂ ಸರಿ, ಪಕ್ಕದಲ್ಲಿ ಒಂದು ಹೆಚ್ಚಿಗೆ ಇದ್ದರೆ ಒಟ್ಟು ಕಷ್ಟ ಕಡಿಮೆಯೇ ಆಗ್ತದೆ. ಅದಕ್ಕೇ ಪ್ಯಾರಲಲಿನ ಉತ್ತರ ಇದ್ದವುಗಳಲ್ಲಿ ಚಿಕ್ಕದಕ್ಕಿಂತಲೂ ಚಿಕ್ಕದು. ದೊಡ್ಡದು ಬಂತೋ, ಲೆಕ್ಕ ತಪ್ಪು. ಎಲ್ಲೂರಿಗೆ ಹೋಗುವ ಬಸ್ಸು ದೇವಸ್ಥಾನದ ಹತ್ತಿರವೇ ತಿರುಗಿ ವಾಪಸ್ ಬರ್ತದೆ. ಅದು ಕಾಪುವಿಗೆ ಹೋಗುವವನ ಲೆಕ್ಕಕ್ಕಿಲ್ಲ, ಅಳಿಸಿಬಿಡಿ."

ಎಲ್ಲೂರಿನ ಹುಡುಗನೊಬ್ಬ ಎದ್ದೇಬಿಟ್ಟ. "ಮೇಡಂ, ಎಲ್ಲೂರಿಂದ ಒಳದಾರಿ ಉಂಟು ಕಾಪುಗೆ. ನಾನು ಅದರಲ್ಲೇ ಬರುದು."

"ಹಾಗಾದ್ರೆ ಇನ್ನೊಂದು ರೆಸಿಸ್ಟರ್ ಹಾಕು ಮಾರಾಯ, ನನ್ನನ್ನೆಂತ ನೋಡುದು!"

ಕ್ಲಾಸು ನಕ್ಕಿತು, ನಾನೂ ನಕ್ಕೆ. ನಕ್ಕವರೆಲ್ಲ ಪಾಸಾಗುವುದಿಲ್ಲವಲ್ಲ. ಅದೇ ದಸರೆಗೆ ನಾವು ಊರಿಗೆ ಹೋದೆವು. ನವರಾತ್ರಿಗೆ ಹೋದವರು ಸಜ್ಜೆ ರಾಶಿ, ನೆಂಟರ ಮನೆಯ ಸೀಮಂತ, ಅದು ಇದು ಎಂದು ತಡಮಾಡಿ ಬರುವುದು ನಮ್ಮವರ ಪದ್ಧತಿ. ಹಾಜರಿ ಎಂಬುದೊಂದು ಇದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಹೇಳಿದರೆ ಕೇಳುವವರು ಯಾರು? ವಾಪಸು ಬಂದು ಮಧ್ಯಂತರ ಪರೀಕ್ಷೆ ಬರೆದೆ. ಉಳಿದದ್ದೆಲ್ಲ ಹೇಗೋ ದಡ ಮುಟ್ಟಿತು, ಫಿಸಿಕ್ಸಿನಲ್ಲಿ ಮುಳುಗಿದೆ.

ಕಾಲೇಜಿನ ಗೇಟಿನ ಮೇಲೆ, ಹೆದ್ದಾರಿಗೆ ಕಾಣುವಂತೆ, ಶೇಕಡಾ ನೂರು ಫಲಿತಾಂಶ ಎಂಬ ದೊಡ್ಡ ಬೋರ್ಡ್ ಇತ್ತು. ಆ ಬೋರ್ಡ್ ನೋಡಿಯೇ ಜನ ಮಕ್ಕಳನ್ನು ಸೇರಿಸುತ್ತಿದ್ದರು. ಪ್ರಿನ್ಸಿಪಾಲರು ಕೆಟ್ಟವರಲ್ಲ, ಆ ಬೋರ್ಡಿನ ಕಾವಲುಗಾರರು ಅಷ್ಟೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹುಡುಕಿದರು. ಅಪ್ಪನನ್ನು ಕರೆಸಿದರು. ಅಪ್ಪ ಕೆಲಸದಿಂದ ನೇರ ಬಂದಿದ್ದ, ಹುಬ್ಬಿನ ಮೇಲೂ ಸುಣ್ಣದ ಚುಕ್ಕೆ. ಕುರ್ಚಿಗೆ ಬಣ್ಣ ಹತ್ತೀತೆಂದು ನಿಂತೇ ಇದ್ದ.

"ನೋಡಿ, ಹುಡುಗಿ ಚುರುಕು ಇದ್ದಾಳೆ, ಇಲ್ಲ ಅಂತಲ್ಲ" ಎಂದರು ಪ್ರಿನ್ಸಿಪಾಲರು. "ಆದರೆ ಹಾಜರಿ ಕಡಿಮೆ ಉಂಟು. ಈ ಸಲ ಪರೀಕ್ಷೆಗೆ ಕೂರುವುದು ಬೇಡ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ. ಒಂದು ವರ್ಷ ಎಂತ ದೊಡ್ಡದು?"

ಅಪ್ಪ ನಿಧಾನವಾಗಿ ಹೇಳಿದ, "ಮುಂದಿನ ವರ್ಷ ಅಂದ್ರ ಆಕಿ ಇಲ್ಲಿರಂಗಿಲ್ರಿ ಸರ. ಊರಾಗ ನಮ್ಮ ಅಣ್ಣ ಗಂಡು ನೋಡಿ ಇಟ್ಟಾನ. ಈ ವರ್ಷ ಪಾಸಾದ್ರ ಓದಸ್ತೀನಿ ಅಂತ ನಾ ಹಟ ಹಿಡಿದು ಬಂದೀನಿ. ಪರೀಕ್ಷಾನ ಬರೀಲಿಲ್ಲ ಅಂದ್ರ ನನ್ನ ಮಾತಿಗೆ ಏನ್ ಬೆಲಿರಿ?"

ನನಗೆ ಆ ಗಂಡಿನ ವಿಷಯ ಅದೇ ಮೊದಲು ತಿಳಿದದ್ದು. ಬಾಯಿ ಬಿಸಿಯವಳು ಎಂದೆನಲ್ಲ, ಅಂದು ಆ ಕೋಣೆಯಲ್ಲಿ ಅಪ್ಪನ ಹುಬ್ಬಿನ ಸುಣ್ಣದ ಚುಕ್ಕೆ ಎಣಿಸುತ್ತ ನಿಂತೆ.

ನನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಲು ಮೇಡಂ ಅವರನ್ನು ಕರೆಸಿದ್ದರು. ವಿಷಯ ಕೇಳಿ ಅವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

"ನಂಗೆ ಸಹಿ ಹಾಕ್ಲಿಕ್ಕೆ ಆಗುದಿಲ್ಲ ಸರ್. ಕಡಿಮೆಯಾದ ಹಾಜರಿಯನ್ನು ನಾನು ಬೆಳಿಗ್ಗೆ ಬೇಗ ಬಂದು ಲ್ಯಾಬಲ್ಲಿ ಕ್ಲಾಸ್ ಮಾಡಿ ತುಂಬಿಸ್ತೇನೆ. ಇವಳು ಬರೀಲಿ."

"ಮೇಡಂ, ಅವಳು ಬಿದ್ದಿರುವುದೇ ನಿಮ್ಮ ಸಬ್ಜೆಕ್ಟಲ್ಲಿ. ಫೇಲಾದ್ರೆ ನಿಮ್ಮ ಇಷ್ಟು ವರ್ಷದ ರಿಸಲ್ಟೇ ಹೋಗುದು."

"ಹೋಗ್ಲಿ. ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ, ಫಿಸಿಕ್ಸಲ್ಲಿ ಒಬ್ಬರೂ ಫೇಲಿಲ್ಲ ಅಂತ ನಂಗೆ ಶಾಲು ಹೊದಿಸ್ತೀರಿ ಅಲ್ವಾ? ಈ ವರ್ಷದ ಶಾಲು ನಂಗೆ ಬೇಡ. ಇವಳು ಪಾಸಾಗಲಿ, ಫೇಲಾಗಲಿ, ಬೇಡ. ಈಗಲೇ ಹೇಳಿಬಿಟ್ಟಿದ್ದೇನೆ. ಆಮೇಲೆ ಆ ಶಾಲಿಗೋಸ್ಕರ ಇವಳನ್ನು ಇಟ್ಟುಕೊಂಡದ್ದು ಅಂತ ಆಗ್ಬಾರ್ದು, ಶಾಲು ಹೋಗ್ತದೆ ಅಂತ ಬಿಟ್ಟದ್ದೂ ಆಗ್ಬಾರ್ದು." ಬಾಗಿಲ ಹತ್ತಿರ ಹೋದವರು ತಿರುಗಿ, "ಶಿರ್ವದ ದಾರಿ ಮುಚ್ಚುದು ಬೇಡ ಸರ್" ಎಂದರು.

ಪ್ರಿನ್ಸಿಪಾಲರಿಗೆ ಅದು ಎಲ್ಲಿಯ ದಾರಿ ಎಂದು ತಿಳಿಯಲಿಲ್ಲ. ನನಗೆ ತಿಳಿಯಿತು.

ಮರುದಿನದಿಂದ ಮೇಡಂ ಕಾರ್ಕಳದ ಮೊದಲ ಬಸ್ಸಿಗೆ ಬರತೊಡಗಿದರು. ಕಾಲೇಜಿನ ಅಂಗಳ ಗುಡಿಸುವ ಹೊತ್ತಿಗೆ ನಾವಿಬ್ಬರೂ ಲ್ಯಾಬಿನಲ್ಲಿ. ಬೇರೆ ಪಾಠಗಳೆಲ್ಲ ಬಾಕಿ ಇರುವಾಗ ಈ ಪುಣ್ಯಾತ್ಗಿತ್ತಿ ದಿನವೂ ಸರ್ಕ್ಯೂಟು, ಬರೀ ಸರ್ಕ್ಯೂಟು. ಬೋರ್ಡಿನ ಮೇಲೆ ಮೂರು ರೆಸಿಸ್ಟರುಗಳನ್ನು ಒಂದೇ ಸಾಲಿನಲ್ಲಿ ಬರೆದರು, ಪ್ರತಿಯೊಂದೂ ಆರು ಓಮ್. ಸಾಲಿನ ಎಡತುದಿ A, ಬಲತುದಿ B. ಎಡತುದಿಯಿಂದ ಮೇಲುಗಡೆ ಒಂದು ಬರೀ ತಂತಿ ಹೋಗಿ ಎರಡನೆಯ ಮತ್ತು ಮೂರನೆಯದರ ನಡುವೆ ಕೂಡಿತ್ತು. ಬಲತುದಿಯಿಂದ ಕೆಳಗಡೆ ಇನ್ನೊಂದು ತಂತಿ ಬಂದು ಮೊದಲನೆಯ ಮತ್ತು ಎರಡನೆಯದರ ನಡುವೆ ಕೂಡಿತ್ತು. "ಒಟ್ಟು ಎಷ್ಟು?" ಎಂದರು.

"ಒಂದ ಸಾಲಿನ್ಯಾಗ ಮೂರು ಆರು. ಹದಿನೆಂಟು."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಯಲ್ಲಿ ಕಟ್ಟು ಅಂದ ಹಾಗಾಯ್ತು. ಸಾಲಿನಲ್ಲಿ ಕಂಡ ಕೂಡಲೇ ಸೀರೀಸಾ? ಮೊದಲು ಹೇಳು, ಎಲ್ಲಿಂದ ಎಲ್ಲಿಗೆ?"

ಬಸ್ ಕಂಡಕ್ಟರಿನ ಆ ಪ್ರಶ್ನೆ ಅವರ ಮಂತ್ರ. ಯಾವ ಎರಡು ತುದಿಗಳ ನಡುವೆ ಎಂದು ಹೇಳದೆ ಉತ್ತರವೇ ಇಲ್ಲ, ಅದೇ ಸರ್ಕ್ಯೂಟಿನಲ್ಲಿ ತುದಿ ಬದಲಾದರೆ ಉತ್ತರವೂ ಬದಲು ಎನ್ನುವರು. "A ಯಿಂದ B ಗೆ" ಎಂದೆ.

"ಸರಿ. ಈಗ ಹೆಸರಿಡು. ನಡುವೆ ರೆಸಿಸ್ಟರ್ ಇಲ್ಲದೆ ಬರೀ ತಂತಿಯಲ್ಲಿ ಸೇರಿದವರೆಲ್ಲ ಒಂದೇ ಮನೆಯವರು. ಒಂದೇ ಮನೆಯವರಿಗೆ ಒಂದೇ ಹೆಸರು."

ಹೆಸರಿಡುತ್ತ ಹೋದೆ. ಮೇಲಿನ ತಂತಿ ಹಿಡಿದು ಹೋದರೆ ಆ ಕಡೆಯ ಕೂಡುಬಿಂದುವೂ A. ಕೆಳಗಿನ ತಂತಿ ಹಿಡಿದು ಬಂದರೆ ಈ ಕಡೆಯ ಕೂಡುಬಿಂದುವೂ B. ಮೊದಲ ರೆಸಿಸ್ಟರ್ A ಮತ್ತು B ನಡುವೆ. ಎರಡನೆಯದು B ಮತ್ತು A ನಡುವೆ. ಮೂರನೆಯದೂ A ಮತ್ತು B ನಡುವೆ. ಅಯ್ಯೋ ಶಿವನೇ! ಸಾಲಾಗಿ ನಿಂತ ಮೂರೂ ಪಕ್ಕಪಕ್ಕದವು. ಹೊಸ ಚಿತ್ರ ಬರೆದೆ. ಎಡಕ್ಕೊಂದು ಕಂಬ, ಬಲಕ್ಕೊಂದು ಕಂಬ, ನಡುವೆ ಏಣಿಯ ಮೆಟ್ಟಿಲಂತೆ ಮೂರು. ಆರನ್ನು ಮೂರರಿಂದ ಭಾಗಿಸಿದರೆ ಎರಡು.

"ಹದಿನೆಂಟು ಅಂದವಳು ಎರಡಕ್ಕೆ ಬಂದಿ. ಸರ್ಕ್ಯೂಟು ಬದಲಾಯ್ತಾ?"

"ಇಲ್ರಿ."

"ಮತ್ತೆ?"

"ಚಿತ್ರ ಬದಲಾತು."

"ಅಷ್ಟೇ. ಬರೆದವನು ನಿನ್ನನ್ನು ಹೆದರಿಸುವ ಹಾಗೆ ಬರೀತಾನೆ. ನೀನು ನಿನಗೆ ಕಾಣುವ ಹಾಗೆ ಪುನಃ ಬರೆದುಕೋ. ಯಾರೂ ಬೇಡ ಅನ್ನುವುದಿಲ್ಲ."

ಇನ್ನೊಂದು ದಿನ ಐದು ರೆಸಿಸ್ಟರುಗಳ ಬ್ರಿಡ್ಜ್, ನಾಲ್ಕು ಬದಿಗಳಲ್ಲಿ ನಾಲ್ಕು, ಅಡ್ಡಕ್ಕೆ ಒಂದು. ನಾನು ಪೆನ್ಸಿಲ್ ಕಚ್ಚುತ್ತ ಕೂತೆ. "ಯಾರು ಸುಮ್ಮನೆ ಕೂತಿದ್ದಾರೆ, ಅದನ್ನು ಮೊದಲು ನೋಡು" ಎಂದರು ಮೇಡಂ. "ಮೇಲಿನ ದಾರಿ, ಕೆಳಗಿನ ದಾರಿ ಎರಡೂ ಸರಿಸಮ ಉಂಟು. ಹಾಗಾದ್ರೆ ನಡುವಿನವನ ಎರಡು ಕಡೆಯೂ ಒಂದೇ ಎತ್ತರ. ಅವನೊಳಗೆ ಎಂತ ಹರೀಬೇಕು? ತೆಗೆದು ಬದಿಗಿಡು. ಮದುವೆ ಮನೆಯಲ್ಲಿ ತೋಳು ಮಡಚಿ ನಡುಮಧ್ಯೆ ಓಡಾಡುವವನೇ ಕೆಲಸ ಮಾಡುವವ ಅಂತ ತಿಳೀಬೇಡ." ತೆಗೆದಿಟ್ಟೆ. ಉಳಿದದ್ದು ಎರಡೇ ಗೆರೆಯ ಲೆಕ್ಕ.

ಆದರೂ ಒಂದು ಬೆಳಿಗ್ಗೆ ನನ್ನ ತಾಳ್ಮೆ ತಪ್ಪಿತು. ಪ್ರಿಪರೇಟರಿ ಹತ್ತಿರ ಬಂದಿತ್ತು, ಊರಿಂದ ದೊಡ್ಡಪ್ಪನ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಸೀಮೆಸುಣ್ಣ ಮೇಜಿನ ಮೇಲೆ ಕುಕ್ಕಿದೆ. "ಬರೀ ತಂತಿ ತಂತಿ ಅಂತ ಸಾಕಾಗೇತ್ರಿ ಮೇಡಂ! ಪರೀಕ್ಷಾದಾಗ ಇದೊಂದ ಪಾಠ ಕೇಳ್ತಾರೇನು? ನನ್ನ ಬಾಳೇವು ಹೊಂಟೈತಿ, ನಿಮಗ ಆರು ಓಮಿಂದ ಚಿಂತಿ!"

ಅವರು ತುಂಡಾದ ಸೀಮೆಸುಣ್ಣವನ್ನು ಎತ್ತಿ ನನ್ನ ಕೈಗೇ ಕೊಟ್ಟರು. "ಕೋಪ ಮುಗಿದಿದ್ದರೆ ಕೇಳು. ನಿಂಗೆ ಬೇರೆ ಪಾಠ ಬರುದಿಲ್ಲ ಅಂತಲ್ಲ. ಪ್ರಶ್ನೆ ಇಂಗ್ಲಿಷಲ್ಲಿ ಕಂಡ ಕೂಡಲೇ ನಿನ್ನ ಮಂಡೆ ಬಂದ್ ಆಗ್ತದೆ. ಹದಿನೆಂಟು ಅಂತ ಬರೆದು ಓಡಿಬರ್ತಿ. ಹೆದರದೆ ಪುನಃ ಬರೆದು ನೋಡುವ ಧೈರ್ಯ ಇದರಲ್ಲಿ ಬಂದರೆ, ಉಳಿದದ್ದಕ್ಕೆ ನಾನು ಬೇಡ. ಬಾಳು ನಿನ್ನದು ಹೌದು. ಅದಕ್ಕೇ ಹೇಳುದು, ಎಲ್ಲಿಂದ ಎಲ್ಲಿಗೆ ಅಂತ ನೀನೇ ಹೇಳ್ಬೇಕು, ನಿನ್ನ ದೊಡ್ಡಪ್ಪ ಅಲ್ಲ."

ಅವರು ಹೇಳಿದ್ದು ನಿಜವಾಯಿತು. ಬೆಳಕಿನ ಪಾಠ, ಅಣುವಿನ ಪಾಠ, ಯಾವುದೇ ಪ್ರಶ್ನೆ ಬಂದರೂ ನಾನು ಮೊದಲು ಹಾಳೆಯ ಅಂಚಿನಲ್ಲಿ ನನ್ನದೇ ಚಿತ್ರ ಗೀಚುತ್ತಿದ್ದೆ, ನನ್ನದೇ ಹೆಸರಿಡುತ್ತಿದ್ದೆ, ಕನ್ನಡದಲ್ಲಿ. ಪ್ರಿಪರೇಟರಿಯಲ್ಲಿ ಫಿಸಿಕ್ಸ್ ಪಾಸಾದೆ. ಅಪ್ಪ ಆ ಖುಷಿಗೆ ಮೇಡಂ ಅವರಿಗೆ ಏನಾದರೂ ಕೊಡಬೇಕೆಂದು ಒದ್ದಾಡಿದ. "ಎಂತದೂ ಬೇಡ" ಎಂದ ಮೇಡಂ ಆಮೇಲೆ ಏನೋ ನೆನಪಾಗಿ, "ಪಾಲಿಶ್ ಪೇಪರ್ ಉಂಟಾ ನಿಮ್ಮ ಹತ್ರ? ಅಂಗಡಿಯದ್ದು ಬೇಗ ಸವೆದುಹೋಗ್ತದೆ" ಎಂದರು. ಅಪ್ಪ ಒಳ್ಳೆಯ ಜಾತಿಯದೇ ಒಂದು ಕಟ್ಟು ತಂದುಕೊಟ್ಟ. ಅದರಲ್ಲಿ ಒಂದು ಚೂರು ನನ್ನ ಜಾಮೆಟ್ರಿ ಡಬ್ಬಿಗೂ ಸೇರಿತು.

ಅದು ಪ್ರ್ಯಾಕ್ಟಿಕಲ್ ಪರೀಕ್ಷೆಯ ದಿನ ಕೆಲಸಕ್ಕೆ ಬಂತು. ನನಗೆ ಬಂದ ಪ್ರಯೋಗವೂ ರೆಸಿಸ್ಟೆನ್ಸಿನದೇ. ಎರಡು ಸುರುಳಿ ತಂತಿಗಳ ರೆಸಿಸ್ಟೆನ್ಸ್ ಬೇರೆಬೇರೆಯಾಗಿ ಅಳೆದು, ಆಮೇಲೆ ಎರಡನ್ನೂ ಪ್ಯಾರಲಲ್ ಜೋಡಿಸಿ ಒಟ್ಟು ಅಳೆಯುವುದು. ಒಂದು ಮೂರು ಓಮ್ ಬಂತು, ಇನ್ನೊಂದು ಆರು. ಜೋಡಿಸಿದರೆ ಎರಡು ಬರಬೇಕು. ಬಂದದ್ದು ಮೂರು. ಇನ್ನೊಮ್ಮೆ ನೋಡಿದೆ, ಮೂರೇ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಮೇಜಿನಿಂದ ಮೇಜಿಗೆ ಹತ್ತಿರವಾಗುತ್ತಿದ್ದರು. ಪಕ್ಕದವಳು ಕಣ್ಸನ್ನೆ ಮಾಡಿದಳು, ಎರಡು ಅಂತ ಬರೆದುಬಿಡು ಎಂದು. ಬರೆಯುವವರು ಹಾಗೇ ಬರೆಯುತ್ತಾರೆ. ಉತ್ತರ ಗೊತ್ತಿದ್ದ ಮೇಲೆ ರೀಡಿಂಗ್ ಹುಟ್ಟಿಸುವುದು ಎಷ್ಟರ ಕೆಲಸ?

ಮೇಡಂ ಕಿಟಕಿಯ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೋಡಿದರೆ ತಮ್ಮ ಮುಖವೇ ಉತ್ತರ ಹೇಳಿಬಿಡುತ್ತದೆ ಎನ್ನುವರು.

ಪ್ಯಾರಲಲ್ ಹಾಕಿದ ಮೇಲೆ ಚಿಕ್ಕದಕ್ಕಿಂತ ಚಿಕ್ಕದು ಬರಲೇಬೇಕು. ಮೂರೇ ಬಂದಿದೆ ಎಂದರೆ ಮೂರು ಓಮಿನದು ಒಂದೇ ದುಡಿಯುತ್ತಿದೆ. ಯಾರು ಸುಮ್ಮನೆ ಕೂತಿದ್ದಾರೆ? ಆರು ಓಮಿನವನೇ! ಪ್ಯಾರಲಲ್ ಮಾಡುವಾಗ ಅವನ ತುದಿಯನ್ನು ಹೊಸದಾಗಿ ಸೇರಿಸಿದ್ದ ತಿರುಪು ಬಿಚ್ಚಿದೆ. ಕೆಳಗೆ ದಪ್ಪಗೆ ಕಿಲುಬು ಕೂತಿತ್ತು. ತಂತಿ ಸೇರಿದಂತೆ ಕಾಣುತ್ತಿತ್ತು, ಸೇರಿರಲಿಲ್ಲ. ಡಬ್ಬಿಯಿಂದ ಅಪ್ಪನ ಪಾಲಿಶ್ ಪೇಪರ್ ತೆಗೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿದೆ. ಹಿತ್ತಾಳೆ ಹೊಳೆಯಿತು. ಈ ಸಲ ಎರಡರ ಮೇಲೆ ಕೂದಲೆಳೆಯಷ್ಟು ಹೆಚ್ಚು. ಅದನ್ನೇ ಬರೆದೆ. ಮೊದಲಿನ ಮೂರನ್ನೂ ಹೊಡೆದುಹಾಕದೆ, ತುದಿಯಲ್ಲಿ ಕಿಲುಬಿತ್ತು, ಉಜ್ಜಿ ಮತ್ತೆ ಅಳೆದೆ ಎಂದು ಪಕ್ಕದಲ್ಲಿ ಬರೆದೆ.

ಪರೀಕ್ಷಕರು ಅದನ್ನು ಓದಿ ನನ್ನ ಮುಖ ನೋಡಿ, "ಯಾರು ಹೇಳಿಕೊಟ್ಟದ್ದು ಇದನ್ನು?" ಎಂದರು. ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅವರು ನಕ್ಕು ಮುಂದೆ ಹೋದರು. ಎಲ್ಲ ಮುಗಿದ ಮೇಲೆ ಮೇಡಂ ನನ್ನ ಹೆಬ್ಬೆರಳು ನೋಡಿ, "ತುದಿ ಉಜ್ಜಿದ್ದಿ ಅಲ್ವಾ?" ಎಂದಷ್ಟೇ ಕೇಳಿದರು.

ಆ ವರ್ಷ ನಾನು ಪಾಸಾದೆ. ರ್‍ಯಾಂಕು ಗೀಂಕು ಏನಿಲ್ಲ, ಫಿಸಿಕ್ಸಿನಲ್ಲಿ ಮರ್ಯಾದೆಗೆ ಮೋಸವಿಲ್ಲದಷ್ಟು ಬಂತು. ಅಪ್ಪ ಊರಿಗೆ ಫೋನು ಮಾಡಿ, "ಮಗಳು ಪಾಸಾಗ್ಯಾಳ, ಇನ್ನೂ ಓದ್ತಾಳ" ಎಂದು ಅಷ್ಟೇ ಹೇಳಿ ಇಟ್ಟುಬಿಟ್ಟ. ಆಮೇಲೆ ಗೋಡೆಗೆ ಒರಗಿ ಅತ್ತ. ಗೇಟಿನ ಬೋರ್ಡಿಗೂ ಹೊಸ ಬಣ್ಣ ಬಂತು, ಶೇಕಡಾ ನೂರು ಹಾಗೇ ಉಳಿಯಿತು. ವಾರ್ಷಿಕೋತ್ಸವಕ್ಕೆ ನಾನೂ ಹೋಗಿದ್ದೆ. ವೇದಿಕೆಯಿಂದ ಮೇಡಂ ಹೆಸರು ಕರೆದರು. ಅವರು ಎರಡನೆಯ ಸಾಲಿನ ಕುರ್ಚಿಯಿಂದ ಏಳಲೇ ಇಲ್ಲ. ಪ್ರಿನ್ಸಿಪಾಲರು ತಾವೇ ಇಳಿದು ಬಂದು ಕೈಮುಗಿದು, "ಬನ್ನಿ ಮೇಡಂ, ಹುಡುಗಿ ಪಾಸಾಗಿದ್ದಾಳಲ್ಲ" ಎಂದರು.

"ಪಾಸಾದ್ರೂ ಬೇಡ, ಫೇಲಾದ್ರೂ ಬೇಡ ಅಂತ ಹೇಳಿದ್ದೆ ಸರ್. ಮಾತು ಅಂದ್ರೆ ಮಾತು" ಎಂದು ಮೇಡಂ ನಗುತ್ತಲೇ ಕೂತಿದ್ದರು.

ಆ ದಿನ ಬಸ್ ಸ್ಟಾಂಡಿನವರೆಗೆ ಅವರ ಜೊತೆ ನಡೆದೆ. ನಾನು ಫೇಲಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಎಂತ ಸಾವು ಮಾರಾಯ್ತಿ ನಿಂದು! ಬೋರ್ಡಿನಲ್ಲಿ ಒಂದು ಕಡಿಮೆ ಬರೀತಿದ್ರು. ಬೋರ್ಡಿಗೆ ಎಂತ, ಮುಂದಿನ ವರ್ಷ ಅಳಿಸಿ ಪುನಃ ಬರೀಲಿಕ್ಕೆ ಆಗ್ತದೆ" ಎಂದರು. ಅಷ್ಟರಲ್ಲಿ ಬಸ್ಸು ಬಂತು, ಸೀರೆಯ ನೆರಿಗೆ ಹಿಡಿದು ಹತ್ತಿಕೊಂಡರು.

ಮುಂದೆ ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದೆ. ಈಗ ಕಟ್ಟಡಗಳ ಅರ್ಥಿಂಗ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಅಪ್ಪ ಬಣ್ಣ ಬಳಿದ ಮಣಿಪಾಲದ ಅಪಾರ್ಟ್‌ಮೆಂಟುಗಳ ಹಿತ್ತಲಿಗೇ ಹೋಗಿ, ಕರೆಂಟು ಸೋರಿದರೆ ಅದು ನೆಟ್ಟಗೆ ನೆಲಕ್ಕೆ ಇಳಿಯುತ್ತದೋ ಇಲ್ಲವೋ ಎಂದು ಅಳೆಯುತ್ತೇನೆ. ಅಲ್ಲಿಯ ಕೆಂಪು ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟಿಗೆ ದಾರಿಯನ್ನೇ ಕೊಡುವುದಿಲ್ಲ. ಆಗ ಅರ್ಥಿಂಗ್ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿಸಿ, ತಾಮ್ರದ ಪಟ್ಟಿಯಿಂದ ಎರಡನ್ನೂ ಕೂಡಿಸುತ್ತೇನೆ. ದಾರಿ ಹೆಚ್ಚಾದರೆ ಕಷ್ಟ ಕಡಿಮೆ. "ಹಳೆಯ ಗುಂಡಿ ಹಾಳಾಗಿದೆ ಮೇಡಂ, ಮುಚ್ಚಿಬಿಡುವ" ಎನ್ನುವ ಮೇಸ್ತ್ರಿಗಳಿಗೆ, "ಶಿರ್ವದ ದಾರಿ ಮುಚ್ಚೂದು ಬ್ಯಾಡ್ರಿ" ಎನ್ನುತ್ತೇನೆ. ಅವರು ಮುಖಮುಖ ನೋಡಿಕೊಳ್ಳುತ್ತಾರೆ. ನಾನು ಪಟ್ಟಿಯ ತುದಿ ಉಜ್ಜುತ್ತೇನೆ.

ಕಳೆದ ಮಳೆಗಾಲದಲ್ಲಿ, ಹಾಗೇ ಒಂದು ಕಟ್ಟಡದ ಹಿಂದೆ ಇದ್ದಾಗ, ಹಳೆಯ ಸಹಪಾಠಿಯ ಫೋನು ಬಂತು. ಮೇಡಂ ಹೋದರು ಎಂದಳು. ನಿವೃತ್ತರಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು, ಉಸಿರಿನ ತೊಂದರೆ ಇತ್ತು. ಕೆಲಸದ ಬಟ್ಟೆಯಲ್ಲೇ ಕಾರ್ಕಳದ ಬಸ್ಸು ಹತ್ತಿದೆ. ಅರ್ಧ ದಾರಿಯ ಹಿರಿಯಡ್ಕ ದಾಟಿದರೂ ಸುದ್ದಿ ಮನಸ್ಸಿಗೆ ಇಳಿದಿರಲಿಲ್ಲ. ಅವರು ಮನೆಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಾರೆ, ಎಂತ ಮಾರಾಯ್ತಿ ಇಷ್ಟು ದಿನಕ್ಕೆ ಎನ್ನುತ್ತಾರೆ ಎಂದೇ ಅನಿಸುತ್ತಿತ್ತು.

ಚಾವಡಿಯಲ್ಲಿ ಮಲಗಿಸಿದ್ದರು. ಇಸ್ತ್ರಿ ಮಾಡಿದ ಕಾಟನ್ ಸೀರೆಯನ್ನೇ ಉಡಿಸಿದ್ದರು. ಬಾಯಿಗೆ ತುಳಸಿ ನೀರು ಬಿಟ್ಟೆ. ಎದೆಯ ಮೇಲೆ ಇಟ್ಟಿದ್ದ ಬಲಗೈ ಹೆಬ್ಬೆರಳು ಸ್ವಚ್ಛವಾಗಿ, ಬೆಳ್ಳಗೆ ಇತ್ತು. ಲ್ಯಾಬು ಬಿಟ್ಟು ಅಷ್ಟು ವರ್ಷವಾಗಿತ್ತಲ್ಲ. ಅದನ್ನು ನೋಡಿ, ಇವರು ಬೇರೆ ಯಾರೋ ಇರಬೇಕು ಎಂದು ಒಂದು ಗಳಿಗೆ ಹುಚ್ಚು ಆಸೆ ಹುಟ್ಟಿತು. ಆದರೂ ಅಳಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿ ಪಕ್ಕಕ್ಕೆ ಸರಿದೆ.

ತಲೆದೆಸೆಯಲ್ಲಿ ಕೂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದರು. ನಾವು ಹಿಂದೆ ಭೇಟಿಯಾದವರಲ್ಲ. "ಅಮ್ಮನ ಸ್ಟೂಡೆಂಟಾ ನೀವು?" ಎಂದರು.

"ಹೌದ್ರಿ. ಹೆಂಗ ಗೊತ್ತಾತು?"

ಅವರು ನನ್ನ ಕೈ ತೋರಿಸಿದರು. ತಾಮ್ರದ ಪಟ್ಟಿ ಉಜ್ಜಿದ ಹೆಬ್ಬೆರಳು. ಬಸ್ಸಿನಲ್ಲಿ ಅಷ್ಟು ದೂರ ಬಂದರೂ ಅದರ ತುದಿ ಹಸಿರಾಗಿದೆ ಎಂದು ನಾನು ಗಮನಿಸಿಯೇ ಇರಲಿಲ್ಲ. ನನ್ನ ಮಾತಿನ ಧಾಟಿ ಕೇಳಿದ ಮೇಲೆ ಅವರ ಮುಖದಲ್ಲಿ ಇನ್ನೇನೋ ಹೊಳೆದಂತಾಯಿತು.

"ತಿಳಿವಲ್ದು ಅಂದ ಹುಡುಗಿಯಾ? ಶಾಲು ಇಲ್ಲದ ವರ್ಷದವರಾ ನೀವು?"

ತಲೆಯಾಡಿಸಿದೆ. ಅವರು ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. "ಕಾಲೇಜಲ್ಲಿ ಸಿಕ್ಕಿದ ಶಾಲುಗಳನ್ನೆಲ್ಲ ಅಮ್ಮ ಬಂದವರಿಗೆ ಹೋದವರಿಗೆ ಕೊಟ್ಟೇ ಮುಗಿಸಿದ್ರು. ಒಂದನ್ನಾದ್ರೂ ನೆನಪಿಗೆ ಇಟ್ಕೊಳ್ಳಿ ಅಮ್ಮಾ ಅಂದ್ರೆ, ಅವೆಲ್ಲ ಕಾಲೇಜಿನದ್ದು ಮಾರಾಯ್ತಿ, ತಗೊಳ್ಳದೆ ಬಿಟ್ಟದ್ದು ಒಂದುಂಟಲ್ಲ, ಅದು ಮಾತ್ರ ನನ್ನದು ಅಂತಿದ್ರು."

ಆ ಹಸಿರು ಬೆರಳನ್ನು ಮುಷ್ಟಿಯೊಳಗೆ ಹಿಡಿದು, ಅಷ್ಟು ಜನರ ನಡುವೆ ಗೊಳೋ ಎಂದು ಅತ್ತುಬಿಟ್ಟೆ.